ನಾಚಿಕೆ ಬಿಟ್ಟರೆ ನರಹುಲಿಗೆ ಮದ್ದಿದೆ

ಕೈಬೆರಳಿನಲ್ಲಿ ನರಹುಲಿ ಎದ್ದರೆ ಮನೆಯಲ್ಲಿ ಹತ್ತು ಸಲಹೆ. ಕುದುರೆ ಬಾಲದ ಕೂದಲು ಕಟ್ಟು ಎನ್ನುವವರು ಒಬ್ಬರು, ಸುಣ್ಣ ಹಚ್ಚು ಎನ್ನುವವರು ಇನ್ನೊಬ್ಬರು. ಆದರೆ ಹೆಣ್ಣುಮಕ್ಕಳ ಜನನಾಂಗದ ಬಳಿ ಅಂಥದೇ ಗಂಟು ಕಾಣಿಸಿಕೊಂಡರೆ ಮನೆಯಲ್ಲಿ ಮಾತೇ ಇಲ್ಲ. ತಾಯಿಗೂ ಹೇಳದೆ, ಕಾಲಿನ ಆಣಿಗೆಂದು ತಂದಿಟ್ಟ ಔಷಧಿಯನ್ನು ಗುಟ್ಟಾಗಿ ಹಚ್ಚಿಕೊಂಡರೆ ಆ ಸೂಕ್ಷ್ಮ ಚರ್ಮ ಸುಟ್ಟು ಹುಣ್ಣಾಗುತ್ತದೆ.

ಈ ಗಂಟುಗಳಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಜನನಾಂಗದ ನರಹುಲಿಗಳಲ್ಲಿ ಸುಮಾರು ಶೇ. 90ರಷ್ಟು 6 ಮತ್ತು 11ನೇ ಬಗೆಗಳಿಂದ ಬರುವಂಥವು. ಇವು ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ವೈರಸ್ ದೇಹ ಸೇರಿ ತಿಂಗಳುಗಳ ನಂತರವೂ ಗಂಟು ಏಳಬಹುದು. ಆದ್ದರಿಂದ ಗಂಡ-ಹೆಂಡತಿ ಒಬ್ಬರನ್ನೊಬ್ಬರು ದೂರುವುದರಲ್ಲಿ ಅರ್ಥವಿಲ್ಲ.

ಮೇಲೆ ಹಚ್ಚುವ ಮದ್ದುಗಳು ಹೇಗೆ ಕೆಲಸ ಮಾಡುತ್ತವೆ? ಹಿಮಾಲಯದಲ್ಲಿ ಬೆಳೆಯುವ ಪೊಡೊಫಿಲಮ್ ಗಿಡದ ಬೇರಿನಲ್ಲಿರುವ ಪೊಡೊಫಿಲೊಟಾಕ್ಸಿನ್, ಗಂಟಿನ ಜೀವಕೋಶಗಳು ವಿಭಜನೆಯಾಗದಂತೆ ತಡೆಯುತ್ತದೆ. ಇದನ್ನು ದಿನಕ್ಕೆರಡು ಬಾರಿ ಮೂರು ದಿನ ಹಚ್ಚಿ, ನಾಲ್ಕು ದಿನ ಬಿಡುವುದು ಕ್ರಮ. ಬೆಳೆಯುವ ಭ್ರೂಣಕ್ಕೆ ಅಪಾಯವಿರುವುದರಿಂದ ಬಸುರಿಯರಿಗೆ ಇದು ನಿಷಿದ್ಧ. ಇಮಿಕ್ವಿಮೋಡ್ ಮುಲಾಮು ವೈರಸ್ಸನ್ನು ತಾನೇ ಕೊಲ್ಲುವುದಿಲ್ಲ; ದೇಹದ ರಕ್ಷಣಾ ಕೋಶಗಳನ್ನು ಅಲ್ಲಿಗೆ ಕರೆತರುತ್ತದೆ. ಟ್ರೈಕ್ಲೋರೋಅಸಿಟಿಕ್ ಆಮ್ಲ ಗಂಟನ್ನು ಸುಡುತ್ತದೆ. ಅದನ್ನು ವೈದ್ಯರೇ ಹಚ್ಚಬೇಕು, ಬಸುರಿಯರಿಗೂ ಬಳಸಬಹುದು.

ಯಾವ ಮದ್ದೂ ವೈರಸ್ಸನ್ನು ಬೇರುಸಹಿತ ಕೀಳುವುದಿಲ್ಲ. ಹೋದ ಗಂಟು ಮತ್ತೆ ಬರಬಹುದು. ಒಳಭಾಗದ ಗಂಟಿಗಂತೂ ಸ್ವಂತ ಚಿಕಿತ್ಸೆ ಸಲ್ಲದು. ಪ್ರತಿಯೊಂದು ಗಂಟೂ ನರಹುಲಿಯಲ್ಲ. ಅದನ್ನು ಗುರುತಿಸಬೇಕಾದವರು ವೈದ್ಯರು.

ಬಂದ ಮೇಲೆ ಹಚ್ಚುವುದಕ್ಕಿಂತ ಬರದಂತೆ ತಡೆಯುವುದು ಲೇಸಲ್ಲವೆ? 6, 11ನೇ ಬಗೆಗಳಲ್ಲದೆ, ಗರ್ಭಕೊರಳಿನ ಕ್ಯಾನ್ಸರ್ ತರುವ 16, 18ನೇ ಬಗೆಗಳನ್ನೂ ತಡೆಯುವ ಲಸಿಕೆ 2006ರಿಂದ ಇದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ದೇಶೀ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. 9ರಿಂದ 14ರ ವಯಸ್ಸು ಇದಕ್ಕೆ ಸೂಕ್ತ. ಈಗಾಗಲೇ ಎದ್ದ ಗಂಟನ್ನು ಲಸಿಕೆ ವಾಸಿಮಾಡದು.

ಮಗಳು 'ಅಮ್ಮಾ, ಇಲ್ಲೇನೋ ಗಂಟಿದೆ' ಎಂದಾಗ ಗದರಿಸದೆ ಕೇಳಿಸಿಕೊಳ್ಳುವ ತಾಯಿ ಮನೆಯಲ್ಲಿದ್ದರೆ, ಅರ್ಧ ಚಿಕಿತ್ಸೆ ಅಲ್ಲೇ ಆರಂಭವಾದಂತೆ.