ಬದುಕಿ ಬಂದ ಮಗುವಿನ ಲೆಕ್ಕ ಯಾರದು?

ಮೆದುಳು ಜ್ವರದಿಂದ ಮಗು ಬದುಕಿ ಮನೆಗೆ ಮರಳಿದರೆ ಆಸ್ಪತ್ರೆಯ ದಫ್ತರದಲ್ಲಿ ‘ಗುಣವಾಯಿತು’ ಎಂದು ಬರೆದು ಲೆಕ್ಕ ಮುಗಿಸುತ್ತಾರೆ. ಅದೇ ಮಗು ಶಾಲೆಯಲ್ಲಿ ನಿನ್ನೆಯ ಮಗ್ಗಿ ಮರೆತು ನಿಂತರೆ ‘ದಡ್ಡ’ ಎನ್ನುತ್ತಾರೆ. ಎರಡೂ ಸುಳ್ಳು.

ಜಪಾನೀ ಮೆದುಳು ಜ್ವರದ ವಿಷಾಣು ಹಂದಿ, ಕೊಕ್ಕರೆಗಳಲ್ಲಿ ಬೆಳೆದು, ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆಯ ಮೂಲಕ ನಮಗೆ ತಗಲುತ್ತದೆ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಸೋಂಕಿದ 250 ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ರೋಗ ಉಲ್ಬಣಿಸುತ್ತದೆ. ಹಾಗೆ ಉಲ್ಬಣಿಸಿದವರಲ್ಲಿ 100ಕ್ಕೆ 30ರವರೆಗೆ ಸಾಯಬಹುದು. ಉಳಿದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಬುದ್ಧಿ, ಮಾತು, ನಡತೆ ಅಥವಾ ಕೈಕಾಲಿನ ಊನ ನಿಲ್ಲುತ್ತದೆ.

ಕಲಿಕೆಯೆಂದರೆ ಮೆದುಳಿನ ನರಕೋಶಗಳ ನಡುವಣ ಕೊಂಡಿ ಬಲಗೊಳ್ಳುವುದು. ಹೊಸ ನೆನಪನ್ನು ಕೂಡಿಡುವ ಕೆಲಸದಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗ ಮುಖ್ಯ. ಉರಿಯೂತವಾದಾಗ ಕೆಡಿಸುವುದು ವಿಷಾಣು ಮಾತ್ರವಲ್ಲ. ಅದರೊಡನೆ ಹೋರಾಡುವ ಕಾವಲು ಕೋಶಗಳು ಸುರಿಸುವ ರಾಸಾಯನಿಕಗಳೂ ಈ ಕೊಂಡಿಗಳನ್ನು ಹಾಳುಮಾಡುತ್ತವೆ. ಆದ್ದರಿಂದಲೇ ಹಳೆಯ ಹಾಡು ಬಲ್ಲ ಮಗುವಿಗೆ ಹೊಸ ಪಾಠ ನಿಲ್ಲದಿರಬಹುದು. ಇದು ಗಾಯ, ಸೋಮಾರಿತನವಲ್ಲ. ಗಾಯಕ್ಕೆ ಬೆತ್ತ ಮದ್ದಲ್ಲ.

ಈ ರೋಗಕ್ಕೆಂದೇ ಔಷಧಿಯಿಲ್ಲ, ಲಸಿಕೆಯುಂಟು. ಕೋಲಾರದ ರೋಗಿಯೊಬ್ಬರಿಂದ ಪಡೆದ ವಿಷಾಣುವಿನಿಂದಲೇ ತಯಾರಾದ ದೇಶೀ ಲಸಿಕೆ 2013ರಲ್ಲಿ ಬಂದಿತು. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆಯ ಅಭಿಯಾನ ನಡೆಸಿತು. ಒಳ್ಳೆಯದೇ. ಆದರೆ ಅಭಿಯಾನ ಮುಗಿದ ಮೇಲೂ ಮಕ್ಕಳು ಹುಟ್ಟುತ್ತಾರೆ.

ಸೊಕ್ಕೆಯದು ಒಣ ಬೇಸಾಯದ ಸೀಮೆ, ಗದ್ದೆಯ ರೋಗ ನಮಗೇಕೆ ಎನ್ನಬಾರದು. ಮಳೆ ಕೈಕೊಟ್ಟ ವರ್ಷ ಕೂಲಿ ಅರಸಿ ನೀರಾವರಿ ಸೀಮೆಗೆ ಹೋಗುವವರು ಮಕ್ಕಳನ್ನು ಮನೆಯಲ್ಲಿ ಬೀಗ ಹಾಕಿ ಹೋಗಲಾರರು. ಲಸಿಕೆಯ ಕಾರ್ಡು ಊರಿನಲ್ಲಿ, ಮಗು ನಾಲೆಯ ದಂಡೆಯಲ್ಲಿ!

ನಮ್ಮ ಬೇಡಿಕೆ ಮೂರು. ವಲಸೆ ಕೂಲಿಗಾರರ ಮಕ್ಕಳನ್ನು ಇದ್ದಲ್ಲಿಯೇ ಹುಡುಕಿ ಲಸಿಕೆ ಹಾಕಬೇಕು. ಬದುಕಿ ಬಂದ ಮಗುವಿನ ನೆನಪು, ಮಾತು, ನಡಿಗೆಯನ್ನು ವರ್ಷಗಟ್ಟಲೆ ಪರೀಕ್ಷಿಸುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಆಗಬೇಕು; ದಿನಗೂಲಿ ಬಿಟ್ಟು ಬೆಂಗಳೂರಿಗೆ ಅಲೆಯುವ ಶಕ್ತಿ ಮಿಲ್ಲಿನ ಹಮಾಲನಿಗಿಲ್ಲ, ಸಂತೆಯ ವ್ಯಾಪಾರಿಗೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 100ಕ್ಕೆ 40ರಷ್ಟು ಅಥವಾ ಹೆಚ್ಚು ಊನವಿರುವ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಅದು ಕಾಗದದಿಂದ ಇಳಿದು ತರಗತಿಗೆ ಬರಬೇಕು.

ಸತ್ತವರನ್ನು ಎಣಿಸಿ ಸುಮ್ಮನಾಗುವ ಸರ್ಕಾರದಿಂದ ಬದುಕಿದವರ ಲೆಕ್ಕವನ್ನೂ ಕೇಳೋಣ.