ಕಲೆಂಬಿ ಮಾರುವ ಮೊದಲು ಆಚಾರಿಯ ಹೆಸರು ಬರೆದಿಡಿ

ಮಂಡೆಕೋಲಿಗೆ ಹಳೇ ಸಾಮಾನಿನವರ ಪಿಕಪ್ ಬಂದರೆ ನಾವು ಮೊದಲು ತೋರಿಸುವುದು ಮೂಲೆಯ ಕಲೆಂಬಿಯನ್ನು. ಜತೆಗೆ ಅಜ್ಜನ ಮಂಚ, ಕೈಕುರ್ಚಿ. "ಅದರಲ್ಲೇನುಂಟು, ಹಳೇ ಮರ" ಎಂದು ನಾವೇ ರೇಟು ಇಳಿಸುತ್ತೇವೆ. ಖಾಲಿಯಾದ ಜಾಗಕ್ಕೆ ಕಂತಿನಲ್ಲಿ ಕಪಾಟು ಬರುತ್ತದೆ. ನಾಲ್ಕು ಮಳೆಗಾಲ ಕಳೆಯುವಾಗ ಅದರ ಬುಡ ಉಬ್ಬಿರುತ್ತದೆ.

ಗದ್ದೆ ಹೋಗಿ ಅಡಿಕೆ ತೋಟವಾಯಿತು, ಕಲೆಂಬಿಗೆ ತುಂಬಲು ಭತ್ತವಿಲ್ಲ. ಒಪ್ಪುತ್ತೇವೆ. ಮಾರಲೇಬಾರದು ಎಂದು ನಾವು ಹೇಳುತ್ತಿಲ್ಲ. ಏನು ಮಾರುತ್ತಿದ್ದೇವೆ ಎಂದು ತಿಳಿಯದೆ ಮಾರುವುದು ನಾಚಿಕೆಗೇಡು ಎನ್ನುತ್ತಿದ್ದೇವೆ.

ಇಂಗ್ಲೆಂಡಿನಲ್ಲಿ ಯಂತ್ರದ ಅಗ್ಗದ ಸಾಮಾನು ಮನೆ ತುಂಬಿದಾಗ ವಿಲಿಯಂ ಮೋರಿಸ್ ಎಂಬವರು ಸಿಟ್ಟಾದರು. 1861ರಲ್ಲಿ ಗೆಳೆಯರೊಡನೆ ಕಂಪೆನಿ ಕಟ್ಟಿ, ಕೈಕೆಲಸಕ್ಕೆ ಮರ್ಯಾದೆ ಬೇಕೆಂದರು. 'ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್' ಎಂಬ ಚಳವಳಿ ಬೆಳೆದದ್ದು ಹಾಗೆ. ಅಮೆರಿಕದ ಗುಸ್ತಾವ್ ಸ್ಟಿಕ್ಲಿ ಅದೇ ದಾರಿ ಹಿಡಿದರು. ಮರದ ಜೋಡಣೆಯನ್ನು ಮುಚ್ಚಿಡದೆ ಕಾಣುವಂತೆ ಬಿಟ್ಟರು, ಬಡಗಿಯ ಕೈವಾರದ ಗುರುತನ್ನೂ ತಮ್ಮ ಸಹಿಯನ್ನೂ ಒತ್ತಿದರು. 1915ರಲ್ಲಿ ಅವರು ದಿವಾಳಿಯಾದರು. ಆದರೆ ಗುರುತು ಉಳಿಯಿತು. 1988ರಲ್ಲಿ ಅವರ ಒಂದು ಊಟದ ಕೋಣೆಯ ಕಪಾಟು ಹರಾಜಿನಲ್ಲಿ 3,63,000 ಡಾಲರಿಗೆ ಹೋಯಿತು.

ಹಲಗೆಯ ನಾಲಿಗೆಯನ್ನು ಇನ್ನೊಂದರ ತೂತಿಗೆ ಕೂರಿಸಿ ಬಿಗಿಯುವ ಕೆಲಸವನ್ನು ನಮ್ಮ ಆಚಾರಿಗಳು ಯಾವ ಚಳವಳಿಯ ಹೆಸರೂ ಕೇಳದೆ ಮಾಡಿದರು. ಮೋರಿಸರ ಸಾಮಾನು ಕೊನೆಗೆ ಸೇರಿದ್ದು ಹೆಚ್ಚಾಗಿ ಸಿರಿವಂತರ ಮನೆ. ನಮ್ಮ ಆಚಾರಿ ಮಾಡಿದ ಮಣೆ, ಮಂಚ, ನೇಗಿಲು ಎಲ್ಲರ ಮನೆಗೂ ಹೋಯಿತು. ಹೆಸರು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ಮನೆ ಕಟ್ಟಿಸಿದ ಯಜಮಾನರ ಫೋಟೋ ಚಾವಡಿಯಲ್ಲಿದೆ, ಕಟ್ಟಿದವರದ್ದು ಎಲ್ಲಿದೆ?

ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಎಲ್ಲ ಊರಿಗೂ ಒಬ್ಬ ಶೆಣೈ ಸಿಗುವುದಿಲ್ಲ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೂ ಉಪಕರಣಕ್ಕೆ 15,000 ರೂಪಾಯಿ ಉಂಟು. ಒಳ್ಳೆಯದೇ. ಆದರೆ ಉಳಿ ಸರಕಾರ ಕೊಟ್ಟರೂ ಕೆಲಸ ಕೊಡಬೇಕಾದವರು ನಾವು. ಅಲುಗಾಡುವ ಮಂಚವನ್ನು ಎಸೆಯುವ ಮೊದಲು ಊರಿನ ಆಚಾರಿಯನ್ನು ಒಮ್ಮೆ ಕರೆಯಿರಿ.

ಮಾರುವುದಾದರೂ ಕೈಯಲ್ಲಿರುವ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಯಾವ ಮರ, ಯಾರ ಕಾಲದ್ದು, ಯಾವ ಆಚಾರಿಯ ಕೈ ಎಂದು ಬರೆದಿಡಿ.

ಪಿಕಪ್ ಹೇಗೂ ಬರುತ್ತದೆ. ಅದಕ್ಕಿಂತ ಮೊದಲು ಅಜ್ಜಿಯನ್ನು ಕೇಳಿ: ಇದನ್ನು ಮಾಡಿದ್ದು ಯಾರು?