ಅಜ್ಜನ ಬೆನ್ನಿನ ಲೆಕ್ಕ



ಎರಡು ವರ್ಷದ ಹಿಂದಿನ ಮಾತು. ಬಚ್ಚಲಲ್ಲಿ ತುಂಬಿದ ಬಕೆಟ್ ಎತ್ತಲು ಬಗ್ಗಿದವನು ನೆಟ್ಟಗೆ ನಿಲ್ಲಲಾರದೆ ಹಾಗೆಯೇ ಉಳಿದೆ. ಎರಡು ದಿನದಲ್ಲಿ ನೋವು ಸೊಂಟದಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ ಇಳಿಯಿತು, ಕರೆಂಟು ಹೊಡೆದ ಹಾಗೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳಿ ಎಂದರು ಪಕ್ಕದ ಮನೆಯವರು. ನನ್ನ ಪುಣ್ಯ, ಒದೆಯುವವರು ಸಿಗಲಿಲ್ಲ. ಯಾರೋ ಹೇಳಿದರೆಂದು ನಾನೇ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದು ಮಲಗಿಬಿಟ್ಟೆ. ಮೂರು ವಾರ.

ಮೊಮ್ಮಗಳು ಪುಟ್ಟಿಯನ್ನು ಶಾಲೆಗೆ ಬಿಟ್ಟುಬರುವ ಕೆಲಸ ನನ್ನದಾಗಿತ್ತು. ಒಂದು ಸಂಜೆ ಅವಳು ಮಂಚದ ಪಕ್ಕ ಬಂದು ನಿಂತಳು. "ಅಜ್ಜಾ, ನಿನ್ನ ಬೆನ್ನುಮೂಳೆ ಮುರಿದುಹೋಗಿದೆಯಾ? ಇನ್ನು ನೀನು ನನ್ನ ಜೊತೆ ಬರೋದೇ ಇಲ್ವಾ?" ನನ್ನ ಬಳಿ ಉತ್ತರ ಇರಲಿಲ್ಲ. ಎಂಆರ್‌ಐ ವರದಿ ದಿಂಬಿನ ಕೆಳಗಿತ್ತು. 36 ವರ್ಷ ಬ್ಯಾಂಕಿನ ಲೆಡ್ಜರ್ ಓದಿದ ಕಣ್ಣಿನಲ್ಲೇ ಅದನ್ನೂ ಓದಿದ್ದೆ. ಡಿಸ್ಕ್ ಒಣಗಿದೆ, ಉಬ್ಬಿದೆ, ಮೂಳೆ ಸವೆದಿದೆ. ನನ್ನ ಖಾತೆ ಮುಗಿಯಿತು ಎಂದುಕೊಂಡಿದ್ದೆ.

ಮರುದಿನ ಮಗ ಬಲವಂತವಾಗಿ ಮೂಳೆ ವೈದ್ಯರ ಬಳಿ ಕರೆದೊಯ್ದ. ಪುಟ್ಟಿಯೂ ಬಂದಳು. ಆ ವೈದ್ಯೆ ವರದಿಯನ್ನು ಪಕ್ಕಕ್ಕಿಟ್ಟು ಮೊದಲು ನನ್ನನ್ನು ನೋಡಿದರು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು, ಮಲಗಿಸಿ ಕಾಲು ಎತ್ತಿಸಿದರು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಆಮೇಲೆ ನಗುತ್ತಾ, "ನಿಮ್ಮ ತಲೆಕೂದಲು ನರೆತಿದೆ, ಅದಕ್ಕೆ ಮಲಗಿಬಿಟ್ಟಿರಾ? ಬೆನ್ನೊಳಗೂ ಹಾಗೇ ಒಂದಿಷ್ಟು ನರೆ ಬಂದಿದೆ" ಎಂದರು. 1994ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರಂತೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಡಿಸ್ಕ್ ಉಬ್ಬಿತ್ತು! ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ.

ಪುಟ್ಟಿ ಅಲ್ಲಿದ್ದ ಪ್ಲಾಸ್ಟಿಕ್ ಬೆನ್ನೆಲುಬನ್ನು ಎಣಿಸಿದಳು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. (ಜಿರಾಫೆಯ ಕುತ್ತಿಗೆಯಲ್ಲೂ ಏಳೇ ಮೂಳೆ, ಮಕ್ಕಳೇ!) ಅದರ ಕೆಳಗಿನವು ದೊಡ್ಡವರಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಮೂಳೆಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಹೊರಗೆ ಗಟ್ಟಿ ನಾರು, ಒಳಗೆ ಲೋಳೆ. ಹೋಳಿಗೆ ಲಟ್ಟಿಸುವಾಗ ಅಂಚು ಬಿರಿದು ಹೂರಣ ಇಣುಕುತ್ತದಲ್ಲ, ಹಾಗೆ ಆ ಲೋಳೆ ಹೊರಬಂದು ನರಕ್ಕೆ ತಾಗಿದರೆ ಕಾಲಿನುದ್ದಕ್ಕೂ ನೋವು. ಅದೇ ಸಯಾಟಿಕಾ, ಆಯುರ್ವೇದದ ಗೃಧ್ರಸಿ. 'ಡಿಸ್ಕ್ ಜಾರಿದೆ' ಎನ್ನುತ್ತೇವೆ, ಆದರೆ ಯಾವುದೂ ಜಾರಿರುವುದಿಲ್ಲ. ಹೊರಬಂದ ಲೋಳೆಯನ್ನು ಎಷ್ಟೋ ಜನರಲ್ಲಿ ದೇಹವೇ ತಿಂಗಳುಗಳಲ್ಲಿ ಹೀರಿಕೊಳ್ಳುತ್ತದೆ.

ನನಗೆ ಬೈಗುಳ ಬಿದ್ದದ್ದು ಮೂರು ವಾರ ಮಲಗಿದ್ದಕ್ಕೆ. ನೋವು ಜೋರಿದ್ದಾಗ ಒಂದೆರಡು ದಿನ ಸಾಕು, ಹೆಚ್ಚು ಮಲಗಿದರೆ ಬೆನ್ನಿನ ಸ್ನಾಯುಗಳೇ ಸೊರಗುತ್ತವೆ. ದಿನಕ್ಕೆ ನಾಲ್ಕೈದು ಸಲ ಐದೈದು ನಿಮಿಷ ನಡಿಗೆ, ಬಿಸಿನೀರಿನ ಚೀಲದ ಶಾಖ, ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ, ಇಷ್ಟೇ ನನ್ನ ಚಿಕಿತ್ಸೆ. ಮಾತ್ರೆ ಐದು ದಿನಕ್ಕೆ ಮಾತ್ರ ಕೊಟ್ಟರು. ನೋವಿನ ಮಾತ್ರೆಯನ್ನು ನಮ್ಮ ವಯಸ್ಸಿನವರು ಅಂಗಡಿಯಿಂದ ತಂದು ತಾವೇ ನುಂಗಬಾರದು. ಹೊಟ್ಟೆ, ಮೂತ್ರಪಿಂಡ, ಬಿ.ಪಿ. ಮೂರಕ್ಕೂ ಪೆಟ್ಟು. ಕಾಲಿನ ಬಲ ಕುಂದುತ್ತಿದ್ದರೆ, ಇಲ್ಲವೇ ಇದೆಲ್ಲ ಮಾಡಿಯೂ ಕಾಲುನೋವು ತಿಂಗಳುಗಟ್ಟಲೆ ಬಿಡದಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ನನಗೆ ಬೇಕಾಗಲಿಲ್ಲ. ಏಳನೇ ವಾರ ಪುಟ್ಟಿಯ ಕೈಹಿಡಿದು ಶಾಲೆಯ ಗೇಟಿನವರೆಗೂ ಹೋದೆ.

ಎಲ್ಲ ಬೆನ್ನುನೋವೂ ಒಂದೇ ಅಲ್ಲ. ನನ್ನ ಭಾವಮೈದ ಸ್ವಲ್ಪ ದೂರ ನಡೆದರೆ ಕಾಲು ಭಾರವಾಗಿ ಮೋರಿಕಟ್ಟೆಯ ಮೇಲೆ ಕೂರುತ್ತಾನೆ, ಆದರೆ ಮುಂದಕ್ಕೆ ಬಾಗಿ ಸೈಕಲ್ ಎಷ್ಟು ದೂರ ಬೇಕಾದರೂ ತುಳಿಯುತ್ತಾನೆ. ಅವನದು ನರಗಳು ಸಾಗುವ ದಾರಿ ಕಿರಿದಾದದ್ದು. ಇನ್ನು ಅಜ್ಜಿಯಂದಿರಲ್ಲಿ ಮೂಳೆ ಟೊಳ್ಳಾಗಿ, ಬಿದ್ದ ನೆನಪೂ ಇಲ್ಲದೆ ಬೆನ್ನುಮೂಳೆ ಕುಸಿಯಬಹುದು. ಹಠಾತ್ತನೆ ನೋವು ಬಂದರೆ, ಬೆನ್ನು ಗೂನಾಗುತ್ತಿದ್ದರೆ 'ವಯಸ್ಸಾಯಿತು' ಎಂದು ಸುಮ್ಮನಿರಬಾರದು, ಅದಕ್ಕೆ ಔಷಧಿ ಇದೆ.

ಈಗ ನಾನು ಬರೆಯಲೇಬೇಕಾದ ಸಂಗತಿ. ನನ್ನ ಜೊತೆ ಕ್ಯಾಶ್ ಕೌಂಟರಿನಲ್ಲಿದ್ದ ಗೆಳೆಯನಿಗೂ ನನ್ನಂತೆಯೇ ನೋವಿತ್ತು. ಒಂದು ರಾತ್ರಿ ಅವನಿಗೆ ಮೂತ್ರ ಕಟ್ಟಿತು. ಸೈಕಲ್ ಸೀಟು ತಾಗುವ ಜಾಗವೆಲ್ಲ ಮರಗಟ್ಟಿತು. ಸೊಸೆಯ ಮುಂದೆ ಹೇಗೆ ಹೇಳುವುದೆಂದು ನಾಚಿಕೊಂಡು ಎರಡು ದಿನ ಬಾಯಿ ಬಿಡಲಿಲ್ಲ. ಬೆನ್ನುಹುರಿಯ ತುದಿಯಲ್ಲಿ ಕುದುರೆಯ ಬಾಲದಂತೆ ಇಳಿಬಿದ್ದ ನರಗಳ ಗೊಂಚಲಿದೆ. ದೊಡ್ಡ ಡಿಸ್ಕ್ ತುಂಡು ಅದನ್ನು ಅದುಮಿದಾಗ ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ಶಸ್ತ್ರಚಿಕಿತ್ಸೆ ಆಯಿತು, ನೋವು ಹೋಯಿತು. ಮೂತ್ರಕ್ಕೆ ಮಾತ್ರ ಇಂದಿಗೂ ನಳಿಗೆ ಬೇಕು. "ಒಂದು ಮಾತು ಆಡಿದ್ದರೆ ಸಾಕಿತ್ತು ಕಣಯ್ಯ" ಎನ್ನುತ್ತಾನೆ.

ಅಜ್ಜ-ಅಜ್ಜಿಯರೇ, ಹಾಗಾದರೆ ನಾಚದೆ ಹೇಳಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಪಾದ ಎಳೆಯುತ್ತಿದ್ದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ ಅಥವಾ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ. ಮಕ್ಕಳೇ, ಅಜ್ಜ ನಿಮ್ಮ ಬಳಿ ಇಂಥದ್ದೇನಾದರೂ ಹೇಳಿ 'ಅಪ್ಪನಿಗೆ ಹೇಳಬೇಡ' ಎಂದರೆ, ಆ ಒಂದು ಗುಟ್ಟನ್ನು ಮಾತ್ರ ಕಾಪಾಡಬೇಡಿ. ಓಡಿಹೋಗಿ ಹೇಳಿ.

ನಿಮಗೊಂದು ಪ್ರಯೋಗವೂ ಇದೆ. ಹಗಲೆಲ್ಲ ಭಾರ ಹೊತ್ತು ಡಿಸ್ಕ್‌ಗಳು ನೀರು ಕಳೆದುಕೊಳ್ಳುತ್ತವೆ, ರಾತ್ರಿ ಮತ್ತೆ ಹೀರಿಕೊಳ್ಳುತ್ತವೆ. ಅದರಿಂದ ಬೆಳಿಗ್ಗೆ ಎದ್ದ ಕೂಡಲೇ ನಾವು ತುಸು ಎತ್ತರ. ಗೋಡೆಗೆ ನಿಂತು ಬೆಳಿಗ್ಗೆ ಒಂದು ಗೆರೆ, ರಾತ್ರಿ ಮಲಗುವ ಮುಂಚೆ ಒಂದು ಗೆರೆ ಎಳೆದು ನೋಡಿ. ನಮ್ಮ ಮನೆಯಲ್ಲಿ ಪುಟ್ಟಿಗೆ ಒಂದು ಸೆಂಟಿಮೀಟರ್ ವ್ಯತ್ಯಾಸ ಬಂತು, ನನಗೆ ಅದರ ಅರ್ಧ. ಹೊಸ ಸುಣ್ಣದ ಗೋಡೆಯ ಮೇಲೆ ಪೆನ್ಸಿಲ್ ಆಡಿಸಿದ್ದಕ್ಕೆ ಅವಳ ಅಜ್ಜಿಯಿಂದ ಇಬ್ಬರಿಗೂ ಸರಿಸಮನಾಗಿ ಬಂತು.